ಟಬ್ಬಿನ ಕಟ್ಟೆಗೊಂದು ಬಾಗಿಲಿರಲಿ

ಮಾನ್ಯರೇ,

ಮಂಗಳೂರು, ಉಡುಪಿಯ ಫ್ಲ್ಯಾಟುಗಳಲ್ಲಿ ಕೆಳಮನೆಯ ಸೀಲಿಂಗ್ ಒದ್ದೆಯಾದರೆ ಮೊದಲ ಬೈಗುಳ ಮಳೆಗೆ. ಜೋರು ಮಳೆಯ ಆಟಿ ತಿಂಗಳಲ್ಲಿ ಅದನ್ನು ನಂಬಬಹುದು. ಫೆಬ್ರವರಿಯಲ್ಲೂ ಕಲೆ ಆರದಿದ್ದರೆ ಮೇಲ್ಮನೆಯ ಬಾತ್‌ಟಬ್ಬಿನಡಿ ಕೈ ಹಾಕಿ ನೋಡಬೇಕು. ಆದರೆ ಕೈ ಹಾಕುವುದೆಲ್ಲಿಂದ? ಟಬ್ಬಿನ ಮುಂದೆ ಕೆಂಪುಕಲ್ಲು ಕಟ್ಟಿ, ಟೈಲ್ ಅಂಟಿಸಿ, ಒಂದು ಸಂದೂ ಬಿಡದೆ ಗ್ರೌಟ್ ತುಂಬಿರುತ್ತಾರೆ. ಪುಟ್ಟ ರಬ್ಬರ್ ವಾಷರ್ ಬದಲಿಸಲು ಕಟ್ಟೆ ಒಡೆಯಬೇಕು. ಒಡೆದ ಮೇಲೆ ಅದೇ ಡಿಸೈನಿನ ಟೈಲ್ ಅಂಗಡಿಯಲ್ಲಿ ಸಿಗುವುದು ಅಪರೂಪ.

ಟೈಲ್ ಕೆಲಸ ಶುರುವಾಗುವ ಮೊದಲೇ ಮೇಸ್ತ್ರಿಗೆ ಹೇಳಿ, ವೇಸ್ಟ್ ಪೈಪ್ ಮತ್ತು ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬಾಗು) ಇರುವ ತುದಿಯಲ್ಲಿ ತೆಗೆಯಬಹುದಾದ ಪ್ಯಾನಲ್ ಮಾಡಿಸಿ. ಅಳತೆ 600×300 ಮಿ.ಮೀ., ಅಂದರೆ ಅಡ್ಡ ಮಲಗಿಸಿದ ಒಂದು ಇಡೀ ಟೈಲ್. ಹಾಗಾದರೆ ಅಂಚು ಟೈಲ್ ಸಂದಿಯಲ್ಲೇ ಬಂದು ಕಣ್ಣಿಗೆ ಬೀಳದು. ಅದರ ಕೆಳಗೆ 100 ಮಿ.ಮೀ. ಟೈಲ್ ಪಟ್ಟಿ ಕದಲದಂತೆ ಇರಲಿ, ನೆಲ ತೊಳೆದ ನೀರು ಪ್ಯಾನಲ್ ಸಂದಿಯಿಂದ ಒಳಗೆ ಹೋಗುವುದಿಲ್ಲ. ಆ ಪಟ್ಟಿಯ ಬುಡದಲ್ಲಿ ಬೆರಳಗಲದ ತೂತು ಬಿಟ್ಟು, ಟಬ್ಬಿನಡಿಯ ನೆಲಕ್ಕೂ ವಾಟರ್‌ಪ್ರೂಫಿಂಗ್ ಬಳಿದು ಆ ಕಡೆಗೇ ಇಳಿಜಾರು ಕೊಟ್ಟರೆ, ಸೋರಿಕೆ ಕೆಳಮನೆಯವರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ.

ಚೌಕಟ್ಟಿಗೆ ಒಂದಿಂಚಿನ ಅಲ್ಯೂಮಿನಿಯಂ ಪೈಪ್ ಸಾಕು. ಮರಕ್ಕೆ ಗೆದ್ದಲು, ಕಬ್ಬಿಣಕ್ಕೆ ಕಡಲ ಗಾಳಿ. ತುಕ್ಕು ಉಬ್ಬಿದರೆ ಟೈಲೇ ಎದ್ದು ಬರುತ್ತದೆ. ಅಲ್ಯೂಮಿನಿಯಂ ಕೂಡ ಹಸಿ ಸಿಮೆಂಟಿಗೆ ತಾಗಿದರೆ ಸವೆದುಹೋಗುತ್ತದೆ, ನಡುವೆ ಪ್ಲಾಸ್ಟಿಕ್ ತುಂಡು ಇಡಬೇಕು. ಸ್ಕ್ರೂಗಳು ಸುಲಭವಾಗಿ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾದರೆ ಒಳ್ಳೆಯದು. ಟೈಲ್ ಹಿಂದೆ 10 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್. ಜಿಪ್ಸಮ್ ಬೇಡವೇ ಬೇಡ.

ಪ್ಯಾನಲನ್ನು ಚೌಕಟ್ಟಿಗೆ ಹಿಡಿದಿಡುವುದು ಮ್ಯಾಗ್ನೆಟ್, ಎಡವುವುದೂ ಅಲ್ಲೇ. ಟೈಲ್, ಬೋರ್ಡ್, ಅಂಟು ಸೇರಿ ಪ್ಯಾನಲ್ ಸುಮಾರು 6 ಕೆ.ಜಿ. ತೂಗುತ್ತದೆ. ಆ ಭಾರ ಕೆಳಗಿಟ್ಟ ಎರಡು ಪ್ಲಾಸ್ಟಿಕ್ ಪ್ಯಾಕರ್ (ಅಡಿಗೆ ಕೊಡುವ ಬಿಲ್ಲೆ) ಮೇಲೆ ಕೂರಬೇಕು, ಮೂಲೆಗಳ ನಾಲ್ಕು ಮ್ಯಾಗ್ನೆಟ್‌ಗಳ ಕೆಲಸ ಪ್ಯಾನಲ್ ಮುಂದಕ್ಕೆ ಬೀಳದಂತೆ ಹಿಡಿಯುವುದಷ್ಟೇ. ಮ್ಯಾಗ್ನೆಟ್ ಅಂಟಿಕೊಳ್ಳಲು ಎದುರಿಗೆ 304 ದರ್ಜೆಯ ಸ್ಟೀಲ್ ತಗಡು ಹಾಕಿ ‘ಹಿಡಿಯುತ್ತಿಲ್ಲ’ ಎನ್ನುವವರಿದ್ದಾರೆ. ಆ ಸ್ಟೀಲನ್ನು ಮ್ಯಾಗ್ನೆಟ್ ಸೆಳೆಯುವುದೇ ಇಲ್ಲ ಎನ್ನಬಹುದು! 430 ದರ್ಜೆಯದು ಬೇಕು. ಮ್ಯಾಗ್ನೆಟ್ ಪ್ಲಾಸ್ಟಿಕ್ ಕವಚದ್ದಿರಲಿ, ಬರೀ ನಿಕ್ಕಲ್ ಲೇಪದ್ದು ಈ ತೇವದಲ್ಲಿ ಬಾಳುವುದಿಲ್ಲ.

ಮುಚ್ಚುವ ಮೊದಲು ಟಬ್ಬನ್ನು ಓವರ್‌ಫ್ಲೋ (ಹೆಚ್ಚಾದ ನೀರು ಹೋಗುವ ಮೇಲಿನ ತೂತು) ತನಕ ತುಂಬಿಸಿ, ಜಾಯಿಂಟುಗಳಿಗೆ ಒಣ ಟಿಶ್ಯೂ ಸುತ್ತಿ, ಒಮ್ಮೆಲೇ ಟಬ್ಬಿನ ನೀರನ್ನು ಹೊರಬಿಡಿ. ಹನಿ ಬಿದ್ದರೂ ಕಾಗದ ಹೇಳುತ್ತದೆ. ಟಬ್ಬಿನ ಅಂಚಿಗೆ ಸಿಲಿಕೋನ್ ಹಾಕುವಾಗಲೂ ಟಬ್ ತುಂಬಿರಬೇಕು, 24 ಗಂಟೆ ಹಾಗೆಯೇ ಬಿಡಬೇಕು. ಖಾಲಿ ಇದ್ದಾಗ ಹಾಕಿದರೆ, ಅಕ್ರಿಲಿಕ್ ಟಬ್ ನೀರಿನ ಭಾರಕ್ಕೆ ತಗ್ಗಿ ಸಿಲಿಕೋನ್ ಸೀಳುತ್ತದೆ.

ಪ್ಯಾನಲ್ ಸುತ್ತ 3 ಮಿ.ಮೀ. ಸಂದಿಗೆ ಗ್ರೌಟ್ ಅಲ್ಲ, ಅದೇ ಬಣ್ಣದ, ಬೂಸ್ಟು ಹಿಡಿಯದ ಸಿಲಿಕೋನ್. ತೆಗೆಯಬೇಕಾದಾಗ ಬ್ಲೇಡಿನಲ್ಲಿ ಕೊಯ್ದು, ಗಾಜು ಎತ್ತುವ ಸಕ್ಷನ್ ಕಪ್‌ನಿಂದ ಎಳೆದರಾಯಿತು. ಒರಟು ಟೈಲಿಗೆ ಆ ಕಪ್ ಅಂಟದು, ಅಂಥ ಕಡೆ ಸಂದಿಗೆ ತೆಳು ಪಟ್ಟಿ ತೂರಿಸಿ ಮೀಟಬೇಕು. ಮಿಕ್ಕಿದ ಎರಡು ಟೈಲುಗಳನ್ನು ಅದೇ ಟಬ್ಬಿನಡಿ ನಿಲ್ಲಿಸಿಟ್ಟು ಪ್ಯಾನಲ್ ಮುಚ್ಚಿ.

– ಟೈಲ್ ಮತ್ತು ಪ್ಲಂಬಿಂಗ್ ಕೆಲಸದವರು, ಮಂಗಳೂರು