ಶನಿವಾರ ರಾತ್ರಿ ಎಫ್‌ಎ ಕಪ್: ಬರುವವರು ಹೆಸರು ಹಾಕಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿ ಎಫ್‌ಎ ಕಪ್‌ನ ಮೂರನೇ ಸುತ್ತಿನ ಪಂದ್ಯವನ್ನು ಬಟವಾಡಿಯ ನಮ್ಮ ಮನೆ ಮಹಡಿ ಮೇಲೆ ಪರದೆ ಹಾಕಿ ಒಟ್ಟಿಗೆ ನೋಡೋಣ. ಪಂದ್ಯ ಶುರುವಾಗುವುದು ನಮ್ಮ ಸಮಯ ರಾತ್ರಿ 8.30ಕ್ಕೆ. 8ರೊಳಗೆ ಬಂದುಬಿಡಿ.

ಫೈನಲ್‌ಗೇ ಸೇರೋಣ, ಈಗ್ಯಾಕೆ ಅಂತ ಕೆಲವರು ಕೇಳಿದ್ದೀರಿ. ನನಗೆ ಈ ಸುತ್ತೇ ಜಾಸ್ತಿ ಇಷ್ಟ. ಅಲ್ಲಿನ ಮೇಲಿನ ಎರಡು ಹಂತಗಳಾದ ಪ್ರೀಮಿಯರ್ ಲೀಗ್ ಮತ್ತು ಚಾಂಪಿಯನ್‌ಶಿಪ್‌ನ 44 ತಂಡಗಳು ಕಣಕ್ಕೆ ಇಳಿಯುವುದೇ ಇಲ್ಲಿ. ಕೆಳಗಿನ ಹಂತಗಳಿಂದ ಗೆದ್ದು ಬಂದ 20 ತಂಡಗಳೂ ಇರುತ್ತವೆ. ಡ್ರಾದಲ್ಲಿ ಯಾರಿಗೆ ಯಾರು ಬೇಕಾದರೂ ಸಿಗಬಹುದು. ಸಣ್ಣ ಊರಿನ ತಂಡ ದೊಡ್ಡವರ ಎದುರು ನಿಲ್ಲುವುದನ್ನು ನಮ್ಮ ಹುಡುಗರು ನೋಡಲೇಬೇಕು. 2025ರ ಫೈನಲ್ ನೆನಪಿದೆ ಅಲ್ವಾ? ಕ್ರಿಸ್ಟಲ್ ಪ್ಯಾಲೇಸ್ ಮ್ಯಾಂಚೆಸ್ಟರ್ ಸಿಟಿಯನ್ನು 1-0ರಿಂದ ಸೋಲಿಸಿ ಮೊದಲ ಸಲ ಈ ಕಪ್ ಗೆದ್ದಿತು.

ಪಂದ್ಯ ಸಮವಾದರೆ ಇನ್ನೊಂದು ದಿನ ಮತ್ತೆ ಆಡಿಸುವ ಮರುಪಂದ್ಯ ಈ ಸುತ್ತಿನಲ್ಲಿ 2024-25ರಿಂದ ಇಲ್ಲ. ಸಮವಾದರೆ ಅವತ್ತೇ 30 ನಿಮಿಷ ಹೆಚ್ಚುವರಿ ಆಟ, ಆಮೇಲೆ ಪೆನಾಲ್ಟಿ. ಅಂದರೆ ರಾತ್ರಿ 11 ದಾಟಬಹುದು. ಕ್ಯಾತಸಂದ್ರ, ಗುಬ್ಬಿ ಕಡೆಯವರು ಬಸ್ಸು ನಂಬಿಕೊಳ್ಳಬೇಡಿ. ಗಾಡಿ ಇರುವವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಸ್ಕೂಲ್ ಹುಡುಗರು ಮನೆಯಲ್ಲಿ ಹೇಳಿಯೇ ಬರಬೇಕು, ಇದರಲ್ಲಿ ವಿನಾಯಿತಿ ಇಲ್ಲ.

ತಟ್ಟೆ ಇಡ್ಲಿ, ಟೀಗೆ ತಲಾ 80 ರೂಪಾಯಿ. ಚಳಿ ಇದೆ, ಸ್ವೆಟರ್ ತನ್ನಿ. ಪಕ್ಕದ ಮನೆಯಲ್ಲಿ ವಯಸ್ಸಾದವರಿದ್ದಾರೆ, ದಯವಿಟ್ಟು 10ರ ಮೇಲೆ ಕೂಗಾಟ ಬೇಡ.

ಶುಕ್ರವಾರ ಸಂಜೆ 6ರೊಳಗೆ ಇಲ್ಲೇ ಹೆಸರು ಹಾಕಿ, ಇಡ್ಲಿಗೆ ಲೆಕ್ಕ ಹೇಳಬೇಕು. ಒಳ್ಳೆ ಸ್ಪೀಕರ್ ಯಾರ ಹತ್ತಿರ ಇದೆ? ಇದ್ದವರು ತಿಳಿಸಿ.