ಸೈನ್ಯದಲ್ಲೊಬ್ಬರು ಗಣಿತದ ಮೇಷ್ಟ್ರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಸೈನ್ಯ ಸೇರಿದರೆ ಗಣಿತ ಕೈತಪ್ಪಿ ಹೋಗುತ್ತಾ ಅಂತ ಕೇಳಿದ್ದೀಯ. ಅದಕ್ಕೆ ಉತ್ತರವಾಗಿ ಝಾನ್ ವಿಕ್ಟರ್ ಪೊನ್ಸ್‌ಲೆ ಅವರ ಬಗ್ಗೆ ಬರೆಯುತ್ತೇನೆ. ಫ್ರಾನ್ಸಿನ ಮೆಟ್ಜ್ ಊರಿನಲ್ಲಿ 1788ರಲ್ಲಿ ಹುಟ್ಟಿದವರು. ಪ್ಯಾರಿಸ್ಸಿನ ಹೆಸರಾಂತ ಎಂಜಿನಿಯರಿಂಗ್ ಕಾಲೇಜಾದ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ ಸೈನ್ಯದ ಎಂಜಿನಿಯರ್ ದಳ ಸೇರಿದರು. ಕೊನೆಗೆ ಜನರಲ್ ಆದರು.

1812ರಲ್ಲಿ ನೆಪೋಲಿಯನ್ನನ ಸೈನ್ಯ ಮಾಸ್ಕೋದಿಂದ ವಾಪಸ್ ಹೊರಟಿತ್ತು. ಕ್ರಾಸ್ನೊಯ್ ಹತ್ತಿರದ ಕಾಳಗದಲ್ಲಿ ಪೊನ್ಸ್‌ಲೆ ಸತ್ತರೆಂದೇ ತಿಳಿದು ಜೊತೆಯವರು ಬಿಟ್ಟುಹೋದರು. ರಷ್ಯನ್ನರು ಸೆರೆ ಹಿಡಿದರು. ಆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಡೆದು ವೋಲ್ಗಾ ದಂಡೆಯ ಸರಾತೊವ್ ತಲುಪಿದಾಗ ಅವರಿಗಿನ್ನೂ 24 ವರ್ಷ. ಹೆಚ್ಚುಕಡಿಮೆ ನಿನ್ನದೇ ವಯಸ್ಸು.

ಅಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಕಲಿತದ್ದರಲ್ಲಿ ಬುಡದ ವಿಷಯಗಳಷ್ಟೇ ನೆನಪಿನಲ್ಲಿ ಉಳಿದಿದ್ದವು. ಅಷ್ಟನ್ನೇ ಇಟ್ಟುಕೊಂಡು ರೇಖಾಗಣಿತವನ್ನು ಮೊದಲಿಂದ ಕಟ್ಟಿಕೊಂಡು ಹೋದರು. ದೀಪದ ಮುಂದೆ ಒಂದು ಬಳೆ ಹಿಡಿದರೆ ಅದರ ನೆರಳು ಗೋಡೆಯ ಮೇಲೆ ಉದ್ದಕ್ಕೆ ಎಳೆದ ಹಾಗೆ ಬೀಳಬಹುದು. ಅಳತೆ ಬದಲಾಗುತ್ತದೆ, ಕೋನ ಬದಲಾಗುತ್ತದೆ. ಆದರೆ ನೇರ ಗೆರೆಯ ನೆರಳು ನೇರವಾಗಿಯೇ ಇರುತ್ತದೆ. ವೃತ್ತವನ್ನು ಮುಟ್ಟುವ ಗೆರೆಯ ನೆರಳು ವೃತ್ತದ ನೆರಳನ್ನು ಮುಟ್ಟಿಕೊಂಡೇ ಇರುತ್ತದೆ. ಹೀಗೆ ಬದಲಾಗದೆ ಉಳಿಯುವುದು ಯಾವುದು ಅಂತ ಅವರು ಹುಡುಕುತ್ತಾ ಹೋದರು. 1814ರಲ್ಲಿ ಬಿಡುಗಡೆಯಾದಾಗ, ಇದನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕುಗಳನ್ನು ಊರಿಗೆ ತಂದರು. ಅದೇ ಕೆಲಸ ಬೆಳೆದು 1822ರಲ್ಲಿ ದೊಡ್ಡ ಗ್ರಂಥವಾಯಿತು. ಇವತ್ತಿನ ಪ್ರೊಜೆಕ್ಟಿವ್ ಜ್ಯಾಮಿತಿಗೆ, ಅಂದರೆ ಹೀಗೆ ನೆರಳಿನಲ್ಲೂ ಬದಲಾಗದೆ ಉಳಿಯುವ ಗುಣಗಳ ಜ್ಯಾಮಿತಿಗೆ, ಅದೇ ಬುನಾದಿ.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಭಾಗ. ಅವರ ಜ್ಯಾಮಿತಿಯ ವಿಧಾನವನ್ನು ಕೋಶಿಯಂಥ ದೊಡ್ಡ ಗಣಿತಜ್ಞರು ಒಪ್ಪಲಿಲ್ಲ. ಅದು ಪೊನ್ಸ್‌ಲೆಗೆ ಬಹಳ ನೋವು ಕೊಟ್ಟಿತು. ಅದಾದ ಕೆಲವೇ ವರ್ಷಕ್ಕೆ ಮೆಟ್ಜ್‌ನ ಸೈನಿಕ ಶಾಲೆಯಲ್ಲಿ ಯಂತ್ರಶಾಸ್ತ್ರ ಕಲಿಸುವ ಕೆಲಸ ಬಂತು. 1825ರಲ್ಲಿ ಶುರು ಮಾಡಿದರು. ಆಮೇಲೆ ಸಂಜೆ ಹೊತ್ತು ಊರಿನ ಕೆಲಸಗಾರರಿಗೂ ಪಾಠ ಹೇಳಿದರು. ಹಗಲೆಲ್ಲ ದುಡಿದು ಬಂದವರ ಮುಂದೆ ನಿಂತು, ಅವರ ಕೈಗೆ ಗೊತ್ತಿದ್ದನ್ನೇ ಲೆಕ್ಕದಲ್ಲಿ ತೋರಿಸುವುದು ಸಣ್ಣ ಮಾತಲ್ಲ. ಪುಸ್ತಕವಿಲ್ಲದೆ ಎಲ್ಲವನ್ನೂ ಬುಡದಿಂದ ಕಟ್ಟಿದವರಿಗೆ ಅದು ಬಂದಿದ್ದರಲ್ಲಿ ಆಶ್ಚರ್ಯವಿಲ್ಲ ಅಂತ ನನಗನಿಸುತ್ತದೆ. ಶಾಲೆಯಲ್ಲಿ ನೀನು ಕಲಿತೆಯಲ್ಲ, ಬಲವನ್ನು ದೂರದಿಂದ ಗುಣಿಸಿದರೆ ಕೆಲಸ ಅಂತ? ಅದನ್ನು ಬಳಕೆಗೆ ತಂದವರಲ್ಲಿ ಫ್ರಾನ್ಸಿನವರೇ ಆದ ವಿಜ್ಞಾನಿ ಕೊರಿಯೊಲಿಸ್ ಜೊತೆಗೆ ಇವರೂ ಒಬ್ಬರು. ನೀರಿನ ಚಕ್ರಕ್ಕೆ ಬಾಗಿದ ಹಲಗೆ ಕೂರಿಸಿ, ಅದೇ ನೀರಿನಿಂದ ಸುಮಾರು ಎರಡು ಪಟ್ಟು ಕೆಲಸ ತೆಗೆಯುವ ಹಾಗೆಯೂ ಮಾಡಿದರು.

1848ರಲ್ಲಿ, ತಾವು ಓದಿದ ಪಾಲಿಟೆಕ್ನಿಕ್‌ಗೇ ಮುಖ್ಯಸ್ಥರಾದರು. ಸರಾತೊವ್‌ನ ನೋಟ್‌ಬುಕ್ಕುಗಳು ಅಚ್ಚಾದದ್ದು 1862ರಲ್ಲಿ, ಅವರಿಗೆ 70 ದಾಟಿದ ಮೇಲೆ. ಅಷ್ಟು ವರ್ಷವೂ ಅವನ್ನು ಜೋಪಾನ ಮಾಡಿದ್ದರು.

ಅವರು ಸೆರೆಯಲ್ಲಿ ಕಂಡುಕೊಂಡ ಒಂದು ಪ್ರಮೇಯವನ್ನು ನೀನೇ ಮಾಡಿ ನೋಡಬೇಕು. ಕಂಪಾಸ್ ತಗೋ. 5 ಸೆಂ.ಮೀ. ತ್ರಿಜ್ಯದ ವೃತ್ತ ಬರಿ. ಅದರ ಕೇಂದ್ರದಿಂದ ಬಲಕ್ಕೆ 2, ಅಲ್ಲಿಂದ ಮೇಲಕ್ಕೆ 1 ಸೆಂ.ಮೀ. ಹೋಗಿ ಚುಕ್ಕಿ ಇಡು. ಆ ಚುಕ್ಕಿಯಿಂದ 2 ಸೆಂ.ಮೀ. ತ್ರಿಜ್ಯದ ಇನ್ನೊಂದು ವೃತ್ತ ಬರಿ. ಈಗ ಹೊರಗಿನ ವೃತ್ತದ ಮೇಲೆ ಎಲ್ಲಾದರೂ ಒಂದು ಬಿಂದು ಆರಿಸಿಕೊ. ಅಲ್ಲಿಂದ ಒಳಗಿನ ವೃತ್ತಕ್ಕೆ ಸ್ಪರ್ಶಕ ಎಳೆದು ಹೊರಗಿನ ವೃತ್ತದವರೆಗೂ ತಗೊಂಡು ಹೋಗು. ಅಲ್ಲಿಂದ ಇನ್ನೊಂದು, ಮತ್ತೆ ಇನ್ನೊಂದು. ಮೂರನೆಯ ಗೆರೆ ನೀನು ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಬೇರೆ ಬಿಂದುವಿನಿಂದ ಹೊರಟರೂ ಅಷ್ಟೇ. ತ್ರಿಭುಜಗಳ ಆಕಾರ ಬೇರೆಬೇರೆ, ಆದರೆ ಪ್ರತಿ ಸಲವೂ ಮುಚ್ಚಿಕೊಳ್ಳುತ್ತದೆ.

ಕೇಂದ್ರಗಳು ಎಷ್ಟು ದೂರದಲ್ಲಿದ್ದರೂ ಹೀಗಾಗುತ್ತಾ? ಚುಕ್ಕಿಯನ್ನು ಸ್ವಲ್ಪ ಸರಿಸಿ ನೋಡಿ, ಏನಾಯಿತು ಅಂತ ನನಗೆ ಬರೆ.

ನಿನ್ನ
ಅಮ್ಮ