ಮನೆ ರಿಪೇರಿ ಮಾಡಿಸುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ರಿಪೇರಿ, ಪೇಂಟಿಂಗ್, ಚಾವಣಿ ಕೆಲಸಕ್ಕೆ ಕಂಟ್ರ್ಯಾಕ್ಟರ್ ಹುಡುಕುತ್ತಿರುವವರಿಗೆ ಈ ಮಾತು.

"ಇವತ್ತೇ ಒಪ್ಪಿದರೆ ಮಾತ್ರ ಈ ರೇಟು, ನಾಳೆ ಸಿಗಲ್ಲ" ಎಂದು ಯಾರಾದರೂ ಅಂದರೆ ಅಲ್ಲೇ ನಿಲ್ಲಿ. ಸಾಮಾನಿನ ಬೆಲೆ, ಕೂಲಿ ಒಂದೇ ರಾತ್ರಿಯಲ್ಲಿ ಅಷ್ಟು ಬದಲಾಗುವುದಿಲ್ಲ, ಅಲ್ವಾ? ನೀವು ಇನ್ನೊಬ್ಬರನ್ನು ವಿಚಾರಿಸಬಾರದು ಎಂದೇ ಈ ಅವಸರ. ಮೊದಲು ರೇಟು ಏರಿಸಿ ಹೇಳಿ, ಆಮೇಲೆ "ನಿಮಗಾಗಿ" ಎಂದು ಅರ್ಧಕ್ಕೆ ಇಳಿಸುವುದೂ ಅದೇ ಆಟ. ಕನಿಷ್ಠ 3 ಜನರಿಂದ ಬರಹದಲ್ಲಿ ಎಸ್ಟಿಮೇಟ್ ತೆಗೆದುಕೊಳ್ಳಿ. ಮೂವರಿಗೂ ಒಂದೇ ಕೆಲಸದ ಪಟ್ಟಿ ಕೊಡಿ, ಇಲ್ಲದಿದ್ದರೆ ಹೋಲಿಸುವುದೇ ಕಷ್ಟ. ತುಂಬಾ ಕಡಿಮೆ ಹೇಳಿದವರನ್ನು, ಏನೇನು ಬಿಟ್ಟಿದ್ದೀರಿ ಎಂದು ಕೇಳಿ. ಬಿಟ್ಟದ್ದು ಆಮೇಲೆ "ಎಕ್ಸ್‌ಟ್ರಾ" ಆಗಿ ಬರಬಹುದು.

ಕರೆಯದೇ ಬಾಗಿಲಿಗೆ ಬಂದು "ಪಕ್ಕದ ಬೀದಿಯಲ್ಲಿ ಕೆಲಸ ಮುಗೀತು, ಸಾಮಾನು ಉಳಿದಿದೆ" ಅನ್ನುವವರ ಬಗ್ಗೆ ಜಾಸ್ತಿ ಎಚ್ಚರ ಇರಲಿ. "ನಿಮ್ಮ ಚಾವಣಿ ಇನ್ನೇನು ಬೀಳುತ್ತೆ" ಎಂದು ಹೆದರಿಸಿದರೆ, ಆ ಕೆಲಸದಿಂದ ಲಾಭವಿಲ್ಲದ ಬೇರೊಬ್ಬ ತಿಳಿದವರಿಗೆ ತೋರಿಸಿ. ಒಂಟಿಯಾಗಿರುವ ಹಿರಿಯರು ಇಂಥ ಮಾತಿಗೆ ಬೇಗ ಹೆದರುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಇದಕ್ಕೇ. ದಯವಿಟ್ಟು ಅವರಿಗೂ ಓದಿ ಹೇಳಿ.

ಪೂರ್ತಿ ಹಣ ಮುಂಗಡ ಕೊಡಬೇಡಿ. ಕೆಲಸ ನಡೆದಂತೆ ಕಂತಿನಲ್ಲಿ ಕೊಡಿ, ಕೊನೆಯ ಕಂತು ಎಲ್ಲ ನೋಡಿದ ಮೇಲೆ. ನಗದು ಕೊಟ್ಟರೆ ರಸೀದಿ ಕೇಳಿ. ಸಾಮಾನಿನ ಬ್ರ್ಯಾಂಡ್, ಅಳತೆ, ಮುಗಿಸುವ ದಿನ, ಗ್ಯಾರಂಟಿ ಒಪ್ಪಂದದಲ್ಲಿರಲಿ. ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಬೇಡವೇ ಬೇಡ.

ಎಸ್ಟಿಮೇಟ್ ಅರ್ಥವಾಗದಿದ್ದರೆ ಹೆಸರು, ನಂಬರ್ ಮುಚ್ಚಿ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.